ಕರಿಮದ್ದಿಲ್ಲದೆ ಪ್ಯಾರಾಚೂಟ್ ಬಿಚ್ಚಿಸಿದ ನನ್ನ ಅನುಭವ

ಕಳೆದ ಸೆಪ್ಟೆಂಬರ್‌ನಲ್ಲಿ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಿಂದ ಹಾರಿಸಿದ 75 ಮಿಲಿಮೀಟರ್ ಮೋಟರಿನ ನನ್ನ ರಾಕೆಟ್ ಸುಮಾರು 26,000 ಅಡಿಗೆ ಏರಿ, ಅಪೊಜಿಯಲ್ಲಿ, ಅಂದರೆ ಹಾರಾಟದ ತುತ್ತತುದಿಯಲ್ಲಿ, ಡ್ರೋಗ್ ಎಂಬ ಚಿಕ್ಕ ಪ್ಯಾರಾಚೂಟ್ ಬಿಚ್ಚಿ, ನೆಲದಿಂದ 1,000 ಅಡಿ ಮೇಲಿರುವಾಗ ದೊಡ್ಡ ಪ್ಯಾರಾಚೂಟನ್ನೂ ಬಿಚ್ಚಿ, ರೆಕ್ಕೆಗೆ ಒಂದು ಗೀರೂ ಬೀಳದಂತೆ ಇಳಿಯಿತು. ಎರಡೂ ಸಲ ಕೊಳವೆಯನ್ನು ಬಿಡಿಸಿದ್ದು ಸೈಕಲ್ ಟಯರಿಗೆ ಗಾಳಿ ತುಂಬಲು ಮಾರುವ 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್. ಆ ಕಾರ್ಟ್ರಿಜ್ಜನ್ನು ಚುಚ್ಚಿದ್ದು ಒಂದು ಸ್ಪ್ರಿಂಗ್. ಸಾಮಾನ್ಯವಾಗಿ ಈ ಕೆಲಸಕ್ಕೆ ಕೊಳವೆಯೊಳಗೆ ಕರಿಮದ್ದು (ಗನ್‌ಪೌಡರ್) ಸಿಡಿಸುತ್ತಾರೆ; ನಾನು ಅದನ್ನು ಒಂದು ಚಿಟಿಕೆಯೂ ಬಳಸಿರಲಿಲ್ಲ. ಇದು ಆಗುವ ಮಾತಲ್ಲ ಎಂದು ಮೂರು ವರ್ಷ ಕೇಳಿಸಿಕೊಂಡಿದ್ದೇನೆ, ಆದ್ದರಿಂದ ಹೇಗೆ ಆಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಕರಿಮದ್ದನ್ನು ಬಿಡಲು ನನಗೆ ಎರಡು ಕಾರಣಗಳಿದ್ದವು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: 20,000 ಅಡಿ ದಾಟಿದ ಮೇಲೆ ಗಾಳಿ ತೆಳುವಾಗಿ, ಪುಡಿಯ ಒಂದು ಕಣದಿಂದ ಇನ್ನೊಂದಕ್ಕೆ ಶಾಖ ಸರಿಯಾಗಿ ದಾಟದೆ, ಅರ್ಧ ಪುಡಿ ಉರಿಯದೆ ಚೆಲ್ಲಿಹೋಗುತ್ತದೆ. ಎರಡನೆಯದು ನನ್ನಂತೆ ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿರುವವರಿಗೆ ಮಾತ್ರ ತಟ್ಟುವುದು. ಅಮೆರಿಕದ 2002ರ ಸ್ಫೋಟಕ ಕಾಯ್ದೆಯ ಪ್ರಕಾರ ಹಸಿರು ಕಾರ್ಡ್ ಇಲ್ಲದ ವಿದೇಶಿಯರು, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಸ್ಫೋಟಕಗಳನ್ನು ಇಟ್ಟುಕೊಳ್ಳುವಂತಿಲ್ಲ. ನಮ್ಮ ಮೋಟರುಗಳ ಇಂಧನವು 2009ರ ನ್ಯಾಯಾಲಯದ ತೀರ್ಪಿನ ನಂತರ ಆ ಪಟ್ಟಿಯಿಂದ ಹೊರಬಂದಿತು, ಆದರೆ ಕರಿಮದ್ದು ಬರಲಿಲ್ಲ. ಅದಕ್ಕಿರುವ 50 ಪೌಂಡಿನ ವಿನಾಯಿತಿ ಹಳೆಯ ಮಾದರಿಯ ಬಂದೂಕುಗಳಿಗೇ ಹೊರತು ರಾಕೆಟ್ಟಿಗಲ್ಲ. ಹೀಗಾಗಿ ನಾನು ಲೆವೆಲ್ 3, ಅಂದರೆ ಹವ್ಯಾಸಿ ರಾಕೆಟ್ಟಿಗರ ಅತ್ಯುನ್ನತ ಮಟ್ಟದ ಪರೀಕ್ಷೆ ಮುಗಿಸುವವರೆಗೂ, ಸ್ಫೋಟಕ ಪರವಾನಗಿ ಇದ್ದ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಬಂದು ನನ್ನ ರಾಕೆಟ್ಟಿಗೆ ಮದ್ದು ತುಂಬಿಕೊಡುತ್ತಿದ್ದರು. ಅವರು ಬಾರದ ವಾರಾಂತ್ಯ ನಾನು ಬೇರೆಯವರ ರಾಕೆಟ್ಟುಗಳನ್ನು ನೋಡಿಕೊಂಡು ಮನೆಗೆ ಮರಳುತ್ತಿದ್ದೆ. ನನ್ನ ರಾಕೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಸಿದ್ಧಪಡಿಸಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿಂದ.

ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಅನಿಲ ಸಾಧನಗಳು ಚೆನ್ನಾಗಿಯೇ ಇವೆ, ಆದರೆ ನಾನು ನೋಡಿದವುಗಳಲ್ಲಿ ಕಾರ್ಟ್ರಿಜ್ ಚುಚ್ಚುವ ಸೂಜಿಯನ್ನು ತಳ್ಳಲು ಮತ್ತೆ ಅದೇ ಕರಿಮದ್ದು ಸ್ವಲ್ಪ ಬೇಕು. ಅದು ಗ್ರಾಮಿನ ಕಾಲುಭಾಗವಾದರೇನು, ಕಾನೂನಿಗೆ ಕರಿಮದ್ದು ಕರಿಮದ್ದೇ.

ಮೊದಲ ವರ್ಷ ಸರ್ವೋ ಎಂಬ, ಹೇಳಿದಷ್ಟೇ ತಿರುಗುವ ಚಿಕ್ಕ ಮೋಟರಿನಿಂದ ಸ್ಪ್ರಿಂಗ್ ಬಿಡಿಸಲು ಹೋಗಿ ಕಳೆದುಕೊಂಡೆ. ಗಾಳಿಯ ಒತ್ತಡದಿಂದ ಎತ್ತರ ಅಳೆದು ಪ್ಯಾರಾಚೂಟಿಗೆ ಅಪ್ಪಣೆ ಕೊಡುವ ಆಲ್ಟಿಮೀಟರಿನಲ್ಲಿ ಕಿಡಿ ಹೊತ್ತಿಸಲು ವಿದ್ಯುತ್ ಕೊಡುವ ತುದಿಯಿಂದ ಸರ್ವೋ ನೇರವಾಗಿ ಓಡುವುದಿಲ್ಲ, ನಡುವೆ ಇನ್ನೊಂದು ಚಿಕ್ಕ ಬೋರ್ಡ್ ಬೇಕು, ಆ ಬೋರ್ಡಿಗೆ ನಾನು ಬರೆದ ಪ್ರೋಗ್ರಾಮ್ ಬೇಕು. ಒಂದು ರಾತ್ರಿ ಗ್ಯಾರೇಜಿನಲ್ಲಿ ಬ್ಯಾಟರಿ ಜೋಡಿಸಿದ ಕ್ಷಣ ಸರ್ವೋ ಒಮ್ಮೆ ನಡುಗಿ, ಕೊಕ್ಕೆ ಜಾರಿ, ಮೇಜಿನ ಮೇಲಿದ್ದ 12 ಗ್ರಾಂ ಕಾರ್ಟ್ರಿಜ್ ಚೀರಿಕೊಂಡು ಖಾಲಿಯಾಯಿತು. ಕ್ಲ್ಯಾಂಪಿನಲ್ಲಿ ಬಿಗಿದಿದ್ದರಿಂದ ಅದು ಹಾರಲಿಲ್ಲ. ಮುಖ ಅದರ ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ ಎಂದು ಇಂದಿಗೂ ಯೋಚಿಸುತ್ತೇನೆ. ಅಂದಿನಿಂದ ಸ್ಪ್ರಿಂಗಿಗೆ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ, ಕಡ್ಡಿಗೆ ಕೆಂಪು ಪಟ್ಟಿ. ರಾಕೆಟ್ ಲಾಂಚ್ ಕಂಬಿಯ ಮೇಲೆ ನೆಟ್ಟಗೆ ನಿಂತು, ಆಲ್ಟಿಮೀಟರ್ ತನ್ನ ಬೀಪ್ ಎಣಿಕೆ ಮುಗಿಸಿದ ಮೇಲೆಯೇ ಆ ಕಡ್ಡಿ ಹೊರಗೆ ಬರುತ್ತದೆ. ಪರೀಕ್ಷೆಗಳೂ ಗ್ಯಾರೇಜಿನಿಂದ ಹಿತ್ತಲಿಗೆ ಹೋದವು, ಏಕೆಂದರೆ ಮುಚ್ಚಿದ ಜಾಗದಲ್ಲಿ ಈ ಅನಿಲವನ್ನು ಮತ್ತೆ ಮತ್ತೆ ಬಿಡುವುದು ಉಸಿರಿಗೆ ಒಳ್ಳೆಯದಲ್ಲ.

ಸರ್ವೋ ಬಿಟ್ಟು, ವಿದ್ಯುತ್ ಹರಿದರೆ ಕಾಯುವ ನೈಕ್ರೋಮ್ ತಂತಿಗೆ ಬಂದ ಮೇಲೆ ಕೆಲಸ ಹಗುರವಾಯಿತು. ಸ್ಪ್ರಿಂಗಿನ ಪೂರ್ತಿ ಬಲವನ್ನು ಒಂದು ಸನ್ನೆಕೋಲು ಹೊತ್ತಿರುತ್ತದೆ, ಸನ್ನೆಕೋಲಿನ ಉದ್ದನೆಯ ತುದಿಯನ್ನು ಹೆಣೆದ ಪಾಲಿಥೀನ್ ಮೀನುದಾರವೊಂದು ಹಿಡಿದಿರುತ್ತದೆ, ದಾರಕ್ಕೆ ನೈಕ್ರೋಮ್ ತಂತಿ ಮೂರು ಸುತ್ತು ಸುತ್ತಿರುತ್ತದೆ. ಆ ದಾರ 150 ಡಿಗ್ರಿಯ ಒಳಗೇ ಕರಗುತ್ತದೆ. ತಂತಿಯ ರೋಧ ಎರಡು ಓಮ್ ಇಟ್ಟುಕೊಂಡರೆ 7.4 ವೋಲ್ಟಿನ ಲಿಥಿಯಂ ಬ್ಯಾಟರಿಯಿಂದ ನಾಲ್ಕು ಆಂಪಿಯರಿಗೆ ಸ್ವಲ್ಪ ಕಡಿಮೆ ಹರಿಯುತ್ತದೆ, ಅರ್ಧ ಸೆಕೆಂಡಿನ ಒಳಗೆ ದಾರ ತುಂಡಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಲ್ಟಿಮೀಟರ್ ಅದನ್ನು ಮದ್ದು ಹೊತ್ತಿಸುವ ಮಾಮೂಲಿ ಇಗ್ನೈಟರ್ ಎಂದೇ ತಿಳಿದು ತಂತಿ ಜೋಡಣೆ ಸರಿಯಿದೆ ಎಂದು ಬೀಪ್ ಮಾಡುತ್ತದೆ. ಉಡಾವಣೆಯ ಜಗ್ಗಾಟಕ್ಕೆ ಕೊಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ ಎಂದು ವಾದಿಸಿದವರಿಗಾಗಿ ಸನ್ನೆಕೋಲು ರಾಕೆಟ್ಟಿನ ಉದ್ದಕ್ಕೆ ಅಡ್ಡಲಾಗಿ ತಿರುಗುವಂತೆ ಇಟ್ಟೆ, ಮರದ ಸುತ್ತಿಗೆಯಿಂದ ಎಲ್ಲ ದಿಕ್ಕಿನಿಂದಲೂ ಹೊಡೆದೆ, ಒಮ್ಮೆಯೂ ಬಿಡಲಿಲ್ಲ. ದಾರಕ್ಕೆ ಹಾಕುವ ಗಂಟು ಯಾವುದು ಎಂದು ಹಲವರು ಕೇಳಿದ್ದಾರೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ.

ಹೆಚ್ಚು ಕಾಡಿದ್ದು ಸೂಜಿ. ತೂಕದ ಯಂತ್ರದ ಮೇಲೆ ಕಾರ್ಟ್ರಿಜ್ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿದಾಗ 22ರಿಂದ 25 ಕೆ.ಜಿ. ಭಾರಕ್ಕೆ ಅದರ ಬಾಯಿಯ ತಗಡು ಹರಿಯುತ್ತಿತ್ತು. ನನ್ನ ಮೊದಲ ಸ್ಪ್ರಿಂಗ್ ಎಂಟು ಕೆ.ಜಿ.ಯದು, ತಗಡಿನಲ್ಲಿ ಒಂದು ತಗ್ಗು ಮಾತ್ರ ಮೂಡಿತು. 18 ಕೆ.ಜಿ. ಸ್ಪ್ರಿಂಗ್ ಹಾಕಿ ಹತ್ತು ಮಿಲಿಮೀಟರ್ ಓಟ ಕೊಟ್ಟಾಗ ಹೊಡೆತಕ್ಕೆ ವೇಗ ಬಂದು ಪ್ರತಿ ಸಲವೂ ತೂತು ಬಿತ್ತು, ಆದರೆ ಅನಿಲ ಹೊರಗೆ ಬರಲಿಲ್ಲ. ತೂತು ಮಾಡಿದ ಸೂಜಿಯೇ ತೂತಿಗೆ ಬಿರಡೆಯಾಗಿ ಕುಳಿತಿತ್ತು. ಒಳಗೆ ಸುಮಾರು 57 ಬಾರ್ ಒತ್ತಡವಿದ್ದರೂ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟು) ಎರಡು ಮಿಲಿಮೀಟರ್ ತೂತಿನ ಮೇಲೆ ಅದರ ಬಲ ಎರಡು ಕೆ.ಜಿ.ಗಿಂತ ಕಡಿಮೆ, ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಲು ಅದು ಎಲ್ಲಿ ಸಾಕಾಗಬೇಕು? ಸೂಜಿಯ ಒಂದು ಪಕ್ಕವನ್ನು ಚಪ್ಪಟೆಯಾಗಿ ಉಜ್ಜಿ ಅನಿಲಕ್ಕೆ ದಾರಿ ಮಾಡಿಕೊಟ್ಟ ಮೇಲೆ 16 ಗ್ರಾಂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗತೊಡಗಿತು.

ಕೈಯಲ್ಲಿ ಉಜ್ಜಿದ ಸೂಜಿಗಳು ಹತ್ತು ಹೊಡೆತಕ್ಕೆ ಮೊಂಡಾಗುತ್ತಿದ್ದವು. ಕ್ಯಾಲಿಫೋರ್ನಿಯಾದ ಒಂದು ವರ್ಕ್‌ಶಾಪ್ ಆರು ಸೂಜಿಗೆ 180 ಡಾಲರ್ ಹೇಳಿತು. ಆ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಪೀಣ್ಯದ ಒಂದು ಲೇತ್ ಅಂಗಡಿಗೆ ನಕ್ಷೆ ಒಯ್ದೆ. ಅಂಗಡಿಯವರು ನಕ್ಷೆಯನ್ನು ಎರಡು ನಿಮಿಷ ನೋಡಿ, “ಸರ್, ಇದನ್ನ ಸಿಲ್ವರ್ ಸ್ಟೀಲ್‌ನಲ್ಲಿ ಮಾಡಿ ತುದಿ ಮಾತ್ರ ಗಟ್ಟಿ ಮಾಡೋಣ, ಪೂರ್ತಿ ಗಟ್ಟಿ ಮಾಡಿದ್ರೆ ಮುರಿಯುತ್ತೆ” ಎಂದರು. ಆರಕ್ಕೆ 900 ರೂಪಾಯಿ, ನಾಲ್ಕು ದಿನ. ಅವರ ಮಾತು ಅಕ್ಷರಶಃ ಸರಿಯಾಗಿತ್ತು: ನಲವತ್ತಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಆ ಸೂಜಿಗಳಲ್ಲಿ ಒಂದೂ ಮುರಿದಿಲ್ಲ. ತುದಿಯ ಕೋನವನ್ನೂ ಚಪ್ಪಟೆ ಭಾಗದ ಅಗಲವನ್ನೂ ಇಲ್ಲಿ ಬರೆಯುವುದಿಲ್ಲ; ಅವಕ್ಕೆ ನನ್ನ ಒಂದು ಬೇಸಿಗೆ ಪೂರ್ತಿ ಖರ್ಚಾಗಿದೆ.

ಅನಿಲ ಎಷ್ಟು ಬೇಕು ಎಂಬ ಲೆಕ್ಕದಲ್ಲಿಯೂ ಎಡವಿದೆ. ಡ್ರೋಗ್ ಕೊಳವೆಯ ಒಳವ್ಯಾಸ 76 ಮಿಲಿಮೀಟರ್, ಉದ್ದ 45 ಸೆಂಟಿಮೀಟರ್, ಅಂದರೆ ಎರಡು ಲೀಟರ್. ಎಂಟು ಗ್ರಾಂ ಅನಿಲ ಸಾಮಾನ್ಯ ಒತ್ತಡದಲ್ಲಿ 4.4 ಲೀಟರ್ ಆಗುತ್ತದೆ, ಹೀಗಾಗಿ ಎರಡು ಬಾರ್ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಕಾಗದದ ಮೇಲೆ ಸರಿ. ನಿಜದಲ್ಲಿ ಅನಿಲ ಹಿಗ್ಗುವಾಗ ತಣ್ಣಗಾಗಿ ಕುಗ್ಗುತ್ತದೆ, ಒಂದು ಪಾಲು ಹಿಮದ ಪುಡಿಯಾಗಿ ಕೆಳಗೆ ಬೀಳುತ್ತದೆ, ಇನ್ನೊಂದು ಪಾಲು ಸಂದಿಗಳಲ್ಲಿ ಸೋರುತ್ತದೆ. ಅರ್ಧ ಸಿಕ್ಕರೆ ಹೆಚ್ಚು. ಕೊಳವೆ ಬೇಗ ಬಿಡದಂತೆ ಹಿಡಿದು, ಒತ್ತಡ ಬಂದಾಗ ಮುರಿಯಬೇಕಾದ 2-56 ಅಳತೆಯ ನೈಲಾನ್ ತಿರುಪುಗಳು, ಅಂದರೆ ಶಿಯರ್ ಪಿನ್ನುಗಳು, ಮೂರಿದ್ದವು, ತಲಾ 14-15 ಕೆ.ಜಿ. ಎಂದರೆ 45 ಕೆ.ಜಿ. ಒಂದು ಬಾರ್‌ನಿಂದ ಆ ಕೊಳವೆಯಲ್ಲಿ ಸಿಗುವ ಬಲ ಸುಮಾರು 46 ಕೆ.ಜಿ. ಹತ್ತು ಪರೀಕ್ಷೆಯಲ್ಲಿ ನಾಲ್ಕು ಸಲ ಪಿನ್ ಬಾಗಿತೇ ಹೊರತು ಮುರಿಯಲಿಲ್ಲ. 12 ಗ್ರಾಮಿಗೆ ಎಲ್ಲವೂ ಮುರಿದವು, 16 ಗ್ರಾಂ ಹಾಕಿ ಪಿನ್ನುಗಳನ್ನು ಎರಡಕ್ಕೆ ಇಳಿಸಿದ ಮೇಲೆ ನಿಶ್ಚಿಂತೆಯಾಯಿತು. ಕರಿಮದ್ದಾದರೆ ಇದೇ ಕೊಳವೆಗೆ ಒಂದು ಗ್ರಾಂ ಸಾಕಿತ್ತು ಎಂಬುದನ್ನು ಒಪ್ಪುತ್ತೇನೆ. ನನ್ನ ಒಂದೊಂದು ಸಾಧನ ಕಾರ್ಟ್ರಿಜ್ ಸೇರಿ 190 ಗ್ರಾಂ ತೂಗುತ್ತದೆ, ರಾಕೆಟ್ಟಿನಲ್ಲಿ ಅಂಥವು ನಾಲ್ಕು: ಡ್ರೋಗಿಗೆ ಎರಡು, ದೊಡ್ಡ ಪ್ಯಾರಾಚೂಟಿಗೆ ಎರಡು. ಹಾರಾಟ ಲೆಕ್ಕಹಾಕುವ ಓಪನ್‌ರಾಕೆಟ್ ತಂತ್ರಾಂಶದಲ್ಲಿ ಹಾಕಿ ನೋಡಿದಾಗ ಎತ್ತರ ಕಡಿಮೆಯಾದದ್ದು 600 ಅಡಿಯಷ್ಟೇ, ಏಕೆಂದರೆ ತುಸು ಭಾರದ ರಾಕೆಟ್ ಮೋಟರ್ ಆರಿದ ಮೇಲೆ ವೇಗವನ್ನು ಅಷ್ಟು ಬೇಗ ಕಳೆದುಕೊಳ್ಳುವುದಿಲ್ಲ.

ಅತ್ಯಂತ ದೊಡ್ಡ ಪಾಠ ಕಲಿತದ್ದು ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಲೂಸರ್ನ್ ಒಣಕೆರೆಯಲ್ಲಿ, ನಾಲ್ಕು ಇಂಚಿನ ಹಳೆಯ ಪ್ರಯೋಗದ ರಾಕೆಟ್ಟಿನೊಂದಿಗೆ. ಸುಮಾರು 5,000 ಅಡಿಯ ಅಪೊಜಿಯಲ್ಲಿ ಡ್ರೋಗ್ ಚೆನ್ನಾಗಿ ಬಿಚ್ಚಿತು, ಅದರ ಬೆನ್ನಿಗೇ ದೊಡ್ಡ ಪ್ಯಾರಾಚೂಟೂ ಬಿಚ್ಚಿಕೊಂಡು ಗಾಳಿಯಲ್ಲಿ ತೇಲುತ್ತ ಹೋಯಿತು. ಎರಡೂವರೆ ಮೈಲಿ ನಡೆದು, ಮುಳ್ಳುಪೊದೆಯಿಂದ ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಕತ್ತಲಾಗಿತ್ತು. ಮನೆಗೆ ಬಂದು ಆಲ್ಟಿಮೀಟರಿನ ದಾಖಲೆ ತೆರೆದಾಗ, ಅಪೊಜಿಯ ನಂತರದ ಕ್ಷಣದಲ್ಲಿ ರಾಕೆಟ್ 400 ಅಡಿಗೆ ಬಿದ್ದು ಮತ್ತೆ ಮೇಲೆ ಹಾರಿದಂತೆ ರೇಖೆ ತೋರಿಸುತ್ತಿತ್ತು. ತಂತಿಗಳು ದಾಟುವ ತೂತಿನಿಂದ ಅನಿಲ ಆಲ್ಟಿಮೀಟರಿನ ಗೂಡಿಗೆ ನುಗ್ಗಿತ್ತು. ಅಲ್ಲಿ ಒತ್ತಡ ಕೇವಲ ಎರಡು ಪಿಎಸ್‌ಐ (ಸುಮಾರು 0.14 ಬಾರ್) ಏರಿದರೆ ಸಾಕು, ಆಲ್ಟಿಮೀಟರ್ ನೆಲ ಹತ್ತಿರ ಬಂತೆಂದು ನಂಬಿ ದೊಡ್ಡ ಪ್ಯಾರಾಚೂಟಿಗೆ ಅಪ್ಪಣೆ ಕೊಡುತ್ತದೆ. ಕರಿಮದ್ದಿನ ಒತ್ತಡ ಒಂದು ಹೊಡೆತದಲ್ಲಿ ಮುಗಿಯುವುದರಿಂದ ಇಂಥ ಸಣ್ಣ ತೂತುಗಳನ್ನು ಕ್ಷಮಿಸುತ್ತದೆ; ಅನಿಲ ನಿಧಾನವಾಗಿ ತುಂಬುವುದರಿಂದ ಸಂದಿ ಹುಡುಕಿಕೊಂಡು ಹೋಗುತ್ತದೆ. ಈಗ ತಂತಿ ದಾಟುವ ಜಾಗವೆಲ್ಲ ಎಪಾಕ್ಸಿ, ಮುಚ್ಚಳಕ್ಕೆ ರಬ್ಬರಿನ ಓ-ರಿಂಗ್. ಮುಚ್ಚಿ ನೀರಿನಲ್ಲಿ ಮುಳುಗಿಸಿ, ಊದಿ, ಗುಳ್ಳೆ ಬರುತ್ತದೆಯೇ ಎಂದು ನೋಡದೆ ಯಾವ ಮುಚ್ಚಳವನ್ನೂ ಹಾರಿಸುವುದಿಲ್ಲ.

ಚಳಿಯ ವಿಷಯ ನನ್ನನ್ನು ಸ್ವಲ್ಪ ದಾರಿ ತಪ್ಪಿಸಿತು, ಆದರೆ ಆ ದಾರಿಯಲ್ಲಿ ಸಿಕ್ಕಿದ್ದು ವ್ಯರ್ಥವಾಗಲಿಲ್ಲ. ಮೇಲೆ ಗಾಳಿ ಸೊನ್ನೆಗಿಂತ ಬಹಳ ಕೆಳಗಿರುತ್ತದೆ, ಕಾರ್ಟ್ರಿಜ್ ಹೆಪ್ಪುಗಟ್ಟುತ್ತದೆ ಎಂದು ಒಬ್ಬರು ಖಚಿತವಾಗಿ ಹೇಳಿದ್ದರು. ನಾಲ್ಕು ಕಾರ್ಟ್ರಿಜ್ಜುಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಟ್ಟು ಬೆಳಿಗ್ಗೆ ಹೊಡೆದೆ. ಆ ತಾಪದಲ್ಲಿ ಒಳಗಿನ ಒತ್ತಡ 21 ಬಾರ್‌ಗೆ ಇಳಿದಿರುತ್ತದೆ, ಖಾಲಿಯಾಗುವುದು ನಿಧಾನವಾಯಿತು, ಆದರೂ ನಾಲ್ಕೂ ಸಲ ಎರಡು ಪಿನ್ ಮುರಿದವು. ನಿಜವಾದ ಹಾರಾಟ ಅಪೊಜಿಗೆ ಮುಟ್ಟಲು ಮುಕ್ಕಾಲು ನಿಮಿಷವೂ ಬೇಡ; ಅಷ್ಟರಲ್ಲಿ ಉಕ್ಕಿನ ಕಾರ್ಟ್ರಿಜ್ ಕೊಳವೆಯೊಳಗೆ ಅಷ್ಟು ತಣ್ಣಗಾಗುವುದೇ ಇಲ್ಲ. ಅದೇ ಪರೀಕ್ಷೆಯಲ್ಲಿ ಕಂಡದ್ದು ಬೇರೆ: ಕಾರ್ಟ್ರಿಜ್ಜಿನ ಬಾಯಿ ಕೆಳಗಾಗಿ ಹೊಡೆದರೆ ದ್ರವವೇ ಹೊರಬಂದು, ಪ್ಯಾರಾಚೂಟಿನ ಮಡಿಕೆಗಳ ನಡುವೆ ಉಪ್ಪಿನಂಥ ಬಿಳಿ ಪುಡಿ ತುಂಬಿ, ಕೊಳವೆಯಲ್ಲಿ ಒತ್ತಡ ತಡವಾಗಿ ಏರುತ್ತದೆ. ಹಾಗಾದರೆ ಹಾರುವಾಗ ದ್ರವ ಎಲ್ಲಿರುತ್ತದೆ? ಮೋಟರ್ ಆರಿದ ಮೇಲೆ ಗಾಳಿ ರಾಕೆಟ್ಟನ್ನು ತಡೆಯುತ್ತದೆ, ಒಳಗಿನ ದ್ರವ ಮುಂದಕ್ಕೆ, ಮೂತಿಯ ಕಡೆಗೆ ಸರಿಯುತ್ತದೆ. ಡ್ರೋಗಿನ ಕಾರ್ಟ್ರಿಜ್ಜುಗಳ ಬಾಯಿ ಹಿಂದಕ್ಕೆ ಇರುವುದರಿಂದ ಅಲ್ಲಿ ಅನಿಲವೇ ಉಳಿಯುತ್ತದೆ ಎಂಬುದು ನನ್ನ ನಂಬಿಕೆ. ನೆಲದ ಮೇಲಿನ ಪರೀಕ್ಷೆಯನ್ನು ರಾಕೆಟ್ ನಿಲ್ಲಿಸಿ ಮಾಡಿದವರಿಗೆ ಅನಿಲದ ಬಗ್ಗೆ ಕೆಟ್ಟ ಅಭಿಪ್ರಾಯ ಬಂದಿರುವುದು ಇದರಿಂದಲೇ ಇರಬೇಕು, ಮಲಗಿಸಿ ಮಾಡಬೇಕು.

ಚಳಿಗಿಂತ ಬಿಸಿಲಿಗೆ ಹೆಚ್ಚು ಹೆದರಬೇಕು. 31 ಡಿಗ್ರಿ ದಾಟಿದ ಮೇಲೆ ಒಳಗೆ ದ್ರವ, ಅನಿಲ ಎಂಬ ಭೇದವೇ ಉಳಿಯದೆ ಒತ್ತಡ ಭರದಿಂದ ಏರುತ್ತದೆ, ಕಾರ್ಟ್ರಿಜ್ಜಿನ ಮೇಲೆಯೇ 49 ಡಿಗ್ರಿ ಮೀರಿಸಬೇಡಿ ಎಂದು ಬರೆದಿರುತ್ತಾರೆ. ಬ್ಲ್ಯಾಕ್ ರಾಕ್‌ನ ಬಿಸಿಲಿನಲ್ಲಿ ಕಪ್ಪು ಕೊಳವೆ ಅಷ್ಟು ಕಾಯುವುದು ಕಷ್ಟವೇನಲ್ಲ. ನನ್ನ ಕೊಳವೆಗೆ ಬಿಳಿ ಬಣ್ಣ ಬಳಿದೆ, ಕಂಬಿಗೆ ಏರಿಸುವವರೆಗೂ ಒದ್ದೆ ಪಂಚೆ ಸುತ್ತಿಟ್ಟೆ.

ಖರ್ಚು ಕೇಳುವವರಿಗೆ: ಕಾರ್ಟ್ರಿಜ್ ಒಟ್ಟಿಗೆ ಕೊಂಡರೆ ತಲಾ ಎರಡು ಡಾಲರ್, ಸುಮಾರು ಎಪ್ಪತ್ತು ಖರ್ಚಾದವು. ಸ್ಪ್ರಿಂಗ್, ಅಲ್ಯೂಮಿನಿಯಂ, ವ್ಯರ್ಥವಾದ ಸರ್ವೋ, ಸುಟ್ಟ ಒಂದು ಆಲ್ಟಿಮೀಟರ್ ಎಲ್ಲ ಸೇರಿ 900 ಡಾಲರ್ ಹತ್ತಿರ ಹೋಯಿತು. ಈಗ ಒಂದು ಸಾಧನ ಮಾಡಲು 35 ಡಾಲರ್ ಸಾಕು. ಪ್ಯಾರಾಚೂಟಿಗೆ ಬೆಂಕಿ ತಾಗದ ಹೊದಿಕೆ ಬೇಕಿಲ್ಲ, ಹಾರಾಟದ ನಂತರ ಮಸಿ ತೊಳೆಯುವ ಕೆಲಸವಿಲ್ಲ. ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿಯೂ ಇದೇ ತಿರುಪಿನ 16 ಗ್ರಾಂ ಕಾರ್ಟ್ರಿಜ್ ಸಿಗುತ್ತದೆ. ಕರಿಮದ್ದಿನ ಪರವಾನಗಿಗೆ ಅಲೆಯಲಾಗದ ಎಂಜಿನಿಯರಿಂಗ್ ಕಾಲೇಜಿನ ತಂಡಗಳಿಗೆ ಇದು ಉಪಯೋಗಕ್ಕೆ ಬರಬೇಕು.

ಬ್ಲ್ಯಾಕ್ ರಾಕ್‌ನಿಂದ ಬಂದ ರಾತ್ರಿ ನಾಲ್ಕು ಕಾರ್ಟ್ರಿಜ್ಜುಗಳನ್ನೂ ತೂಗಿದೆ. ತುಂಬಿದಾಗ 58 ಗ್ರಾಂ ಇದ್ದವುಗಳಲ್ಲಿ ಮೂರು 42ಕ್ಕೆ ಇಳಿದಿದ್ದವು. ಡ್ರೋಗಿನ ಎರಡನೆಯದು, ಒಂದು ಸೆಕೆಂಡ್ ತಡವಾಗಿ ಹೊಡೆಯುವಂತೆ ಇಟ್ಟದ್ದು, 45 ತೂಗಿತು. ಭೂತಗನ್ನಡಿ ಹಿಡಿದು ನೋಡಿದರೆ ತಗಡಿನ ಅಂಚು ಒಳಕ್ಕೆ ಮಡಿಚಿ ತೂತಿನ ಅರ್ಧವನ್ನು ಮುಚ್ಚಿತ್ತು, ಸೂಜಿಯ ತುದಿ ಒಂದು ಕಡೆ ಸವೆದಿತ್ತು. ಪೀಣ್ಯದವರಿಗೆ ಹನ್ನೆರಡು ಹೊಸ ಸೂಜಿಗೆ ಹೇಳಿದ್ದೇನೆ, ಈ ಸಲ ಚಪ್ಪಟೆ ಭಾಗ ಸ್ವಲ್ಪ ಬೇರೆ. 1,900 ರೂಪಾಯಿಗೆ ಒಪ್ಪಿದ್ದಾರೆ.