ಕ್ಯಾನ್ ನೀರು ಬಿಟ್ಟೆವು, ಚಾವಣಿ ನೀರು ಹಿಡಿದೆವು

ಚಿತ್ರದುರ್ಗದ ಬೋರ್‌ವೆಲ್ ನೀರಿನ ಕಥೆಯನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪಾತ್ರೆಯ ತಳದ ಬಿಳಿ ಹಕ್ಕಳೆ ಕಣ್ಣಿಗೆ ಕಾಣುತ್ತದೆ, ಅತಿಯಾದರೆ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್ ಕಾಣುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಬೋರಿನದು ಎರಡರ ಆಸುಪಾಸು ಬಂತು. ಅಂದಿನಿಂದ ವರ್ಷಪೂರ್ತಿ ಮಳೆನೀರನ್ನೇ ಕುಡಿಯಬೇಕೆಂದು ಹಟ ಹಿಡಿದೆ.

‘ದುರ್ಗದಲ್ಲಿ ಮಳೆ ಎಲ್ಲಿದೆ?’ ಎಂದು ಪ್ಲಂಬರ್ ನಕ್ಕ. ಕೋಟೆ ಹತ್ತಿ ಬಂದವರು ಹೀಗೆ ಕೇಳಬಾರದು. ಬಂಡೆಯ ಮೇಲೆ ಬಿದ್ದ ನೀರನ್ನು ಗೋಪಾಲಸ್ವಾಮಿ ಹೊಂಡಕ್ಕೂ ಅಕ್ಕ-ತಂಗಿ ಹೊಂಡಕ್ಕೂ ಇಳಿಸಿದ ಊರಿದು. ನನ್ನದು ಸಾವಿರ ಚದರ ಅಡಿಯ ಚಾವಣಿ; ಒಂದು ಮಿಲಿಮೀಟರ್ ಮಳೆಗೆ ತೊಂಬತ್ತು ಚಿಲ್ಲರೆ ಲೀಟರ್. ಉತ್ತರೆ, ಚಿತ್ತೆ ಮಳೆಗಳು ನಾಲ್ಕೈದು ಸಲ ಜೋರಾಗಿ ಹೊಡೆದರೆ ಎಂಟು ಸಾವಿರ ಲೀಟರಿನ ಟ್ಯಾಂಕ್ ತುಂಬಿ ಹೊರಚೆಲ್ಲುತ್ತದೆ. ನಾಲ್ವರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತೈದು ಲೀಟರ್ ಹಿಡಿದರೂ ಮುಂಗಾರಿನವರೆಗೆ ಸಾಕು.

ನೀರು ಹಿಡಿಯುವುದು ಸುಲಭ, ಕೆಡದಂತೆ ಇಡುವುದೇ ಕಷ್ಟ. ಮೊದಲು ತಂದದ್ದು ತಿಳಿಬಣ್ಣದ ಪ್ಲಾಸ್ಟಿಕ್ ಟ್ಯಾಂಕ್. ನೀರು ಕೆಡುವುದಿಲ್ಲ ಎಂದು ಅಂಗಡಿಯವನು ಆಣೆ ಮಾಡಿದ್ದ. ದೀಪಾವಳಿ ಹೊತ್ತಿಗೆ ಗೋಡೆಗೆ ಪಾಚಿ ಹತ್ತಿ ನೀರಿಗೆ ಕೆರೆಯ ವಾಸನೆ ಬಂದಿತ್ತು. ಆಮೇಲೆ ಮೇಸ್ತ್ರಿಯೊಬ್ಬರು ಇಟ್ಟಿಗೆಯಲ್ಲಿ ಕಟ್ಟಿಕೊಟ್ಟರು. ತುಂಬಿದ ವಾರದಲ್ಲೇ ನೆಟ್ಟಗೆ ಸೀಳಿತು. ಇಪ್ಪತ್ತೈದು ಸಾವಿರ ಮಣ್ಣುಪಾಲು. ಕೊನೆಗೆ ಕೈಗೂಡಿದ್ದು ಫೆರೋಸಿಮೆಂಟ್: ಸರಳು, ಕೋಳಿ ಜಾಲರಿ, ತೆಳ್ಳನೆಯ ಗಾರೆ. ಒಟ್ಟು ಸುಮಾರು ನಲವತ್ತೈದು ಸಾವಿರ. ಒಳಗಿನ ಗಿಲಾವಿಗೆ ಏನು ಬೆರೆಸಿದೆ ಎಂಬುದನ್ನು ಮನೆಗೆ ಬಂದವರಿಗೆ ಮಾತ್ರ ಹೇಳುತ್ತೇನೆ. ಬೆಳಕು ಎಳ್ಳಷ್ಟೂ ನುಸುಳಬಾರದು. ಮುಚ್ಚಳದ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದೇನೆ, ಹೊರಚೆಲ್ಲುವ ಕೊಳವೆಯ ಬಾಯಿಗೆ ಸೊಳ್ಳೆ ಜಾಲರಿ ಬಿಗಿದಿದ್ದೇನೆ.

ಇನ್ನೊಂದು, ಮೊದಲ ನೀರು. ಭರಣಿ ಮಳೆಯನ್ನು ಪೂರ್ತಿ ಚರಂಡಿಗೇ ಬಿಡುತ್ತೇನೆ, ಚಾವಣಿ ತೊಳೆಯಲಿ ಎಂದು. ಆಮೇಲೂ ಪ್ರತಿ ಮಳೆಯ ಮೊದಲ ಇನ್ನೂರು ಲೀಟರ್ ಹಳೆಯ ಡ್ರಮ್ಮಿಗೆ. ಅದು ತುಂಬಿದ ಮೇಲೆ ಉಳಿದದ್ದು ಶೋಧಕದ ಮೂಲಕ ಟ್ಯಾಂಕಿಗೆ. ಪಾರಿವಾಳಗಳಿರುವ ಬೀದಿಯಲ್ಲಿ ಈ ಡ್ರಮ್ಮಿಗೆ ಜಿಪುಣತನ ಮಾಡಬೇಡಿ. ಎಚ್2ಎಸ್ ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ನೀರು ಕಪ್ಪಾದರೆ ಸೋಂಕಿದೆ ಎಂದರ್ಥ. ನಮ್ಮದು ಈಗ ಕಪ್ಪಾಗುವುದಿಲ್ಲ, ಆದರೂ ಕುಡಿಯುವುದನ್ನು ಕುದಿಸುತ್ತೇವೆ.

ನಡುವೆ ನುಗ್ಗೆಬೀಜದ ಪುಡಿಯನ್ನೂ ಹಾಕಿ ನೋಡಿದೆ. ರಾಡಿ ನೀರನ್ನು ತಿಳಿಗೊಳಿಸಲು ಅದು ಒಳ್ಳೆಯದು, ಮೊದಲೇ ತಿಳಿಯಾದ ನೀರಿಗೆ ಒಗರು ವಾಸನೆ ಬಂತಷ್ಟೇ. ಲಾಭ ಕಂಡದ್ದು ಒಲೆಯ ಮೇಲೆ: ಗಡಸು ನೀರಿನಲ್ಲಿ ಮೊಂಡು ಹಿಡಿಯುತ್ತಿದ್ದ ತೊಗರಿಬೇಳೆಗೆ ಈಗ ಎರಡು ಸೀಟಿ ಕಡಿಮೆ ಸಾಕು.

ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರ್ ಸಿಗುವಾಗ ಇಷ್ಟು ಖರ್ಚೇಕೆ ಎಂದು ಭಾವಮೈದುನ ಈಗಲೂ ಕೇಳುತ್ತಾನೆ. ಹಣದ ಲೆಕ್ಕದಲ್ಲಿ ಅವನೇ ಗೆದ್ದಾನು. ಆದರೆ ಘಟಕ ಕೆಟ್ಟಾಗಲೆಲ್ಲ ಕೊಡ ಹಿಡಿದು ಬರುವುದು ನಮ್ಮ ಮನೆಗೇ. ಈ ವರ್ಷ ಹೊರಚೆಲ್ಲುವ ನೀರನ್ನು ಬೋರ್ ಪಕ್ಕದ ಇಂಗುಗುಂಡಿಗೆ ತಿರುಗಿಸಿದ್ದೇನೆ. ಬೋರಿನ ಫ್ಲೋರೈಡ್ ಇಳಿದರೆ ಆ ಅಂಕಿಯನ್ನೂ ಬರೆಯುತ್ತೇನೆ.