ಕ್ರ್ಯಾಶ್ ಎಂದು ಯಾವಾಗ ಹೇಳಬೇಕು?

ಮೊನ್ನೆ ದಾವಣಗೆರೆಯ ಒಂದು ಸೈಬರ್ ಸೆಂಟರ್‌ನಲ್ಲಿ ಕೂತಿದ್ದೆ. ಪಕ್ಕದ ಹುಡುಗಿ ಅರ್ಜಿ ತುಂಬುತ್ತಿದ್ದಳು. ಇದ್ದಕ್ಕಿದ್ದಂತೆ ಮೌಸ್ ಎಷ್ಟು ಎಳೆದರೂ ಬಾಣ ಕದಲಲಿಲ್ಲ. ‘ಅಣ್ಣಾ, ಕ್ರ್ಯಾಶ್ ಆಯ್ತು’ ಎಂದಳು, ಅಳುವಂತಾಗಿ. ‘ಇಲ್ಲ ಕಣಮ್ಮ, ಹ್ಯಾಂಗ್ ಆಗಿದೆ, ಸ್ವಲ್ಪ ಇರು’ ಎಂದ ಅಂಗಡಿಯವನು. ಅವನ ಮಾತೇ ಸರಿ. ಎರಡು ನಿಮಿಷಕ್ಕೆ ಪುಟ ಕದಲಿತು, ತುಂಬಿದ್ದೆಲ್ಲ ಹಾಗೇ ಇತ್ತು. ಬ್ರೌಸರ್ ತಾನಾಗೇ ಮುಚ್ಚಿಹೋಗಿದ್ದರೆ ಅದು ಕ್ರ್ಯಾಶ್.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು: ಸುಮ್ನೆ ನಿಂತಿತಾ, ಇಲ್ಲ ಬಿತ್ತಾ? ಒಡೆಯುವ ಸದ್ದಿನಿಂದಲೇ ಹುಟ್ಟಿದ ಇಂಗ್ಲಿಷ್ ಪದ ಈ ‘ಕ್ರ್ಯಾಶ್’, ನಮ್ಮ ‘ಢಮಾರ್’ ಇದ್ದ ಹಾಗೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಸವರಿಕೊಂಡರೆ ಅಷ್ಟು ದೊಡ್ಡ ಪದ ಬೇಡ.

ಕನ್ನಡಕ್ಕೆ ತರುವಾಗ ಎಲ್ಲ ಕಡೆ ‘ಡಿಕ್ಕಿ’ ಹಾಕಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ‘ತಪಸ್’ ಡ್ರೋನ್ ಹೊಲಕ್ಕೆ ಬಿತ್ತು. ಇಂಗ್ಲಿಷಿನಲ್ಲಿ ಅದು ಕ್ರ್ಯಾಶ್. ಆದರೆ ಅದು ಯಾವ ವಾಹನಕ್ಕೂ ಗುದ್ದಲಿಲ್ಲ, ಅಲ್ವಾ? ಅಲ್ಲಿ ‘ಪತನ’ ಅಥವಾ ‘ಬಿತ್ತು’ ಎಂದರೇ ಚೆಂದ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಆಗಿದ್ದೂ ಕ್ರ್ಯಾಶೇ. ಅದು ‘ಕುಸಿತ’.

ವಾಕ್ಯ ಕಟ್ಟುವಾಗ ನಮ್ಮವರು ಜಾಸ್ತಿ ಎಡವುವುದು ಇಲ್ಲಿ: ‘ಕ್ರ್ಯಾಶ್ಡ್ ವಿತ್ ಎ ಟ್ರೀ’ ಎಂದು ಬರೆಯುತ್ತಾರೆ. ‘ವಿತ್’ ಹೊಂದುವುದು ‘ಕೊಲೈಡ್’ಗೆ. ಕ್ರ್ಯಾಶ್‌ಗೆ ‘ಇಂಟು’ ಬೇಕು. ‘ಲಾರಿ ಮರಕ್ಕೆ ಗುದ್ದಿತು’ ಎನ್ನುವಾಗ ಆ ‘ಕ್ಕೆ’ ಇದೆಯಲ್ಲ, ಅದರ ಜಾಗಕ್ಕೆ ‘ಇಂಟು’ ಇಡಿ, ಮರೆಯುವುದಿಲ್ಲ.

ಕ್ರ್ಯಾಶ್ ಕೋರ್ಸ್ ಎಂದರೆ ಕಡಿಮೆ ದಿನದಲ್ಲಿ ಮುಗಿಸುವ ಪಾಠ. ಬೆಂಗಳೂರಿನಲ್ಲಿರುವ ಮಗ ‘ಫ್ರೆಂಡ್ ರೂಮಲ್ಲಿ ಕ್ರ್ಯಾಶ್ ಆಗ್ತೀನಿ’ ಎಂದು ಮೆಸೇಜ್ ಹಾಕಿದರೆ ಗಾಬರಿ ಬೇಡ, ಅಲ್ಲಿ ಮಲಗುತ್ತಾನೆ ಅಷ್ಟೇ.

ಇನ್ನೊಂದು, ನನಗೆ ತುಂಬಾ ಮುಖ್ಯ ಅನ್ನಿಸುವುದು. ರಸ್ತೆಯ ಸುದ್ದಿಗೆ ‘ಆಕ್ಸಿಡೆಂಟ್’ ಎಂದರೆ ತಾನಾಗಿ ಆದದ್ದು, ತಡೆಯಲು ಆಗುತ್ತಿರಲಿಲ್ಲ ಎಂಬ ಅರ್ಥ ಬರುತ್ತದೆ. ಅದಕ್ಕೇ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ 2001ರಲ್ಲಿ ಆ ಪದವನ್ನೇ ಕೈಬಿಡಲು ತೀರ್ಮಾನಿಸಿತು. ನಮ್ಮ ದಾವಣಗೆರೆ–ಚಿತ್ರದುರ್ಗ ಹೈವೇಯಲ್ಲಿ ಕುಡಿದು ಓಡಿಸಿದವನು ನಿಂತ ಲಾರಿಗೆ ಗುದ್ದಿದರೆ ಇಂಗ್ಲಿಷಿನಲ್ಲಿ ‘ಕ್ರ್ಯಾಶ್’ ಎಂದೇ ಬರೆಯಿರಿ.