ಬಿಸಿಜಿ ಗುಳ್ಳೆ, ಕಂಕುಳ ಗಂಟು: ಕೂಸಿನ ಎಡತೋಳನ್ನು ನೋಡಿಕೊಳ್ಳುವುದು ಹೇಗೆ?

ಹುಟ್ಟಿದ ಕೂಸಿನ ಎಡತೋಳಿಗೆ ಬಿಸಿಜಿ, ಅಂದರೆ ಕ್ಷಯ ತಡೆಯುವ ಲಸಿಕೆ, ಚುಚ್ಚುವುದು ಒಂದು ನಿಮಿಷದ ಕೆಲಸ. ತೊಂದರೆ ಶುರುವಾಗುವುದು ತಿಂಗಳಾದ ಮೇಲೆ, ಬಾಣಂತಿ ಮನೆಯಲ್ಲಿ. ಗುರುವಾರದ ಲಸಿಕೆ ದಿನ ಅಂಗನವಾಡಿಯಲ್ಲಿ ಕೂತು ನಾನು ನೋಡದ ತೋಳಿಲ್ಲ: ಅರಿಶಿನ ಮೆತ್ತಿದ್ದು, ಹಿಂಡಿ ರಕ್ತ ಬರಿಸಿದ್ದು, ಪ್ಲಾಸ್ಟರ್ ಅಂಟಿಸಿ ಒಳಗೆ ಕೊಳೆತದ್ದು. ಎಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಒಳಗೆ ಏನು ನಡೆಯುತ್ತಿದೆ ಎಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಹಂತ 1: ಚುಚ್ಚಿದ ದಿನ

ಉಜ್ಜಬೇಡಿ, ಏನೂ ಹಚ್ಚಬೇಡಿ, ಅರ್ಧ ಗಂಟೆ ಅಲ್ಲೇ ಕೂತು ಹೊರಡಿ. ಚರ್ಮದ ಮೇಲೆ ಎದ್ದ ಸಣ್ಣ ಬೊಕ್ಕೆ ಅಷ್ಟರಲ್ಲಿ ತಾನೇ ಇಳಿದಿರುತ್ತದೆ.

ಹಂತ 2: ಏನೂ ಕಾಣದ ಎರಡು ಮೂರು ವಾರ

ತೋಳು ನುಣ್ಣಗಿರುತ್ತದೆ. 'ಲಸಿಕೆ ಹತ್ತಲಿಲ್ಲವೇನೋ' ಎಂದು ಅಜ್ಜಿಯರು ಕೇಳುವುದು ಆಗಲೇ. ಬಿಸಿಜಿಯಲ್ಲಿರುವುದು ಬಲ ಕುಂದಿಸಿದ, ಆದರೆ ಜೀವಂತ ಬ್ಯಾಕ್ಟೀರಿಯಾ. ಅದರದ್ದು ಬಲು ನಿಧಾನದ ಬೆಳವಣಿಗೆ. ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿಯೇ ಗುಳ್ಳೆ ತಡ.

ಆದರೆ ಒಳಗಿನ ಕೆಲಸ ತಡವಾಗುವುದಿಲ್ಲ. ಚರ್ಮದಲ್ಲಿ ಕಾವಲಿರುವ ಕೋಶಗಳು ಈ ಬ್ಯಾಕ್ಟೀರಿಯಾವನ್ನು ನುಂಗಿ, ಅಲ್ಲಿಂದ ಹೊರಡುವ ಕೂದಲೆಳೆಗಿಂತ ಸಣ್ಣ ನಾಳಗಳಿಗೆ ಇಳಿಯುತ್ತವೆ. ಶಾಲೆಯ ಪುಸ್ತಕದಲ್ಲಿ ದುಗ್ಧರಸ ಎಂದು ಓದಿರುತ್ತೀರಲ್ಲ, ಅದು ಹರಿಯುವ ನಾಳಗಳು ಇವು. ರಕ್ತಕ್ಕೆ ಹೃದಯವಿದ್ದ ಹಾಗೆ ಇದಕ್ಕೆ ಪಂಪ್ ಇಲ್ಲ. ನಾಳದ ಗೋಡೆ ತಾನೇ ಹಿಸುಕಿ ದೂಡುತ್ತದೆ, ಕೂಸು ಕೈಕಾಲು ಆಡಿಸಿದಾಗಲೂ ಮುಂದೆ ಸರಿಯುತ್ತದೆ, ಕವಾಟಗಳು ಹಿಂದೆ ಬರಗೊಡುವುದಿಲ್ಲ. ಎಡತೋಳಿನ ದಾರಿ ಸೇರುವುದು ಎಡಗಂಕುಳಿನ ಗ್ರಂಥಿಗಳಿಗೆ.

ಎಣ್ಣೆ ತಿಕ್ಕಿ ನೀರು ಹಾಕುವುದನ್ನು ನಿಲ್ಲಿಸಬೇಕಿಲ್ಲ. ಆದರೆ ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡವರ ಹೆಬ್ಬೆರಳು ಭುಜದಿಂದ ಮೊಣಕೈವರೆಗೆ ಒತ್ತಿಕೊಂಡು ಇಳಿಯುತ್ತದೆ ನೋಡಿ, ಎಡಗಡೆ ಮಾತ್ರ ಅದು ಬೇಡ. ನೀರು ಹಾಕುವವರಿಗೆ ಮೊದಲ ದಿನವೇ ಹೇಳಿಬಿಡಿ.

ಹಂತ 3: ಗುಳ್ಳೆ

ಮೊದಲು ಕೆಂಪಗಿನ ಸಣ್ಣ ಗಂಟು. ಐದಾರು ವಾರದ ಹೊತ್ತಿಗೆ ಕಡಲೆಕಾಳಿನಷ್ಟಾಗಿ, ತುದಿ ಬೆಳ್ಳಗಾಗಿ, ಒಡೆಯುತ್ತದೆ. ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಮತ್ತೆ ಕಟ್ಟುತ್ತದೆ. ಪೂರ್ತಿ ಮಾಯಲು ಎರಡು ಮೂರು ತಿಂಗಳು ಹಿಡಿಯಬಹುದು. ಇದು ಗಾಯ ಕೆಟ್ಟದ್ದಲ್ಲ, ಲಸಿಕೆಯ ನಡಿಗೆಯೇ ಹೀಗೆ.

ಮಾಡಬೇಕಾದ್ದು: ಸ್ನಾನವಾದ ಮೇಲೆ ಮೆತ್ತನೆಯ ಹಳೆ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಗಾಳಿಗೆ ಬಿಡಿ. ತೋಳಿಲ್ಲದ ಸಡಿಲ ಜಬ್ಲಾ ಹಾಕಿ. ನೈಲಾನ್ ಜರಿಯ ಉಡುಗೊರೆ ಫ್ರಾಕುಗಳನ್ನು ನಾಮಕರಣಕ್ಕೂ ತೊಡಿಸಬೇಡಿ. ಗಾಯಕ್ಕೆ ಉದುರಿಸುವ ಹಳದಿ ಪುಡಿ, ಆ್ಯಂಟಿಸೆಪ್ಟಿಕ್ ದ್ರಾವಣ, ಟಾಲ್ಕಂ ಪೌಡರ್, ಬೇವಿನ ರಸ, ವಿಭೂತಿ ಯಾವುದೂ ಬೇಡ. ಕೀವು ಕಂಡರೂ ಹಿಂಡಬೇಡಿ.

ಗುಳ್ಳೆ ಏಳದೆ, ಕಲೆ ಬೀಳದೆ ಹೋದರೆ? ಕಲೆ ಇಲ್ಲವೆಂದರೆ ರಕ್ಷಣೆ ಇಲ್ಲ ಎಂದಲ್ಲ. ಮತ್ತೆ ಚುಚ್ಚಿಸುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಹಂತ 4: ಕಂಕುಳ ಗಂಟು

ಜನ ಹೆಚ್ಚು ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಕಂಕುಳ ಗ್ರಂಥಿಯನ್ನು ಸಂತೆಮಾಳ ಎಂದುಕೊಳ್ಳಿ. ದೇಹದಲ್ಲೆಲ್ಲ ಅಲೆಯುವ ಟಿ-ಕೋಶಗಳು (ರೋಗಾಣುವನ್ನು ಗುರುತಿಸುವ ಒಂದು ಬಗೆಯ ಬಿಳಿ ರಕ್ತಕಣಗಳು) ರಕ್ತದಿಂದ ಇಲ್ಲಿಗೆ ಬಂದು, ಚರ್ಮದಿಂದ ಬಂದ ಕಾವಲು ಕೋಶಗಳು ಹಿಡಿದು ತೋರಿಸುವ ಬ್ಯಾಕ್ಟೀರಿಯಾ ಚೂರನ್ನು ಮುಟ್ಟಿ ನೋಡಿ ಹೋಗುತ್ತವೆ. ಆ ಚೂರಿಗೆ ಸರಿಹೊಂದುವ ಟಿ-ಕೋಶ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ. ಊರೆಲ್ಲ ಹುಡುಕಿದರೆ ಸಿಗುವಂಥದ್ದಲ್ಲ. ಎಲ್ಲರೂ ಹಾದುಹೋಗುವ ಒಂದು ಜಾಗವಿರುವುದರಿಂದಲೇ ಇಬ್ಬರೂ ಎದುರಾಗುತ್ತಾರೆ. ಎದುರಾದದ್ದೇ ತಡ, ಗ್ರಂಥಿ ಒಳಬರುವವರಿಗೆ ಬಾಗಿಲು ತೆರೆದಿಟ್ಟು, ಹೊರಹೋಗುವ ಬಾಗಿಲನ್ನು ಸ್ವಲ್ಪ ಕಾಲ ಮುಚ್ಚುತ್ತದೆ. ಸರಿಹೊಂದಿದ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಗಳಾಗುತ್ತದೆ. ಊತ ಬರುವುದು ಈ ಜನಜಂಗುಳಿಯಿಂದ.

ಹೀಗೆ ಹೆಚ್ಚಿದವುಗಳಲ್ಲಿ ಬಹುಪಾಲು ಕೆಲಸ ಮುಗಿಸಿ ಸಾಯುತ್ತವೆ. ಉಳಿದವು ನೆನಪಿನ ಕೋಶಗಳು. ಕೆಲವು ಗ್ರಂಥಿಗಳಲ್ಲೇ ನೆಲೆಸುತ್ತವೆ, ಕೆಲವು ರಕ್ತದಲ್ಲಿ ಗಸ್ತು ತಿರುಗುತ್ತವೆ. ನಾಳೆ ನಿಜವಾದ ಕ್ಷಯದ ರೋಗಾಣು ಬಂದರೆ ಮೊದಲಿನಿಂದ ಹುಡುಕಾಟ ನಡೆಸಬೇಕಿಲ್ಲ. ಮಿದುಳಿನ ಪೊರೆಗೆ ತಗಲುವ ಕ್ಷಯದಂಥ ಭೀಕರ ರೂಪಗಳಿಂದ ಎಳೆಮಕ್ಕಳು ಪಾರಾಗುವುದು ಈ ನೆನಪಿನಿಂದ.

ಕೆಲವು ಕೂಸುಗಳಲ್ಲಿ ಈ ಊತ ಬೆರಳಿಗೆ ಸಿಗುವಷ್ಟು ದೊಡ್ಡದಾಗುತ್ತದೆ. ಪರೀಕ್ಷಿಸುವುದು ಹೀಗೆ: ಕೂಸು ಹಾಲು ಕುಡಿದು ಮಲಗಿದಾಗ ಎಡಗೈ ಮೆಲ್ಲಗೆ ಎತ್ತಿ ಎರಡು ಬೆರಳಿನ ಮೆತ್ತೆಯಿಂದ ಸವರಿ. ಹುಣಸೆಬೀಜದಷ್ಟು, ಬೆರಳ ಕೆಳಗೆ ಜಾರುವ, ಮುಟ್ಟಿದರೆ ಕೂಸು ಅಳದ, ಮೇಲಿನ ಚರ್ಮ ಎಂದಿನ ಬಣ್ಣದಲ್ಲೇ ಇರುವ ಗಂಟಾದರೆ ವಾರಕ್ಕೊಮ್ಮೆ ನೋಡಿ, ಅಷ್ಟು ಸಾಕು. ದಿನಾ ಒತ್ತಿ ಅಳೆಯಬೇಡಿ. ಕರಗಲು ತಿಂಗಳುಗಳೇ ಹಿಡಿಯಬಹುದು.

ಬಿಸಿ ಶಾಖ, ಪೋಲ್ಟೀಸು, ಲೇಪ ಬೇಡ. ಅಂಗಡಿಯಲ್ಲಿ ಕೇಳಿ ತರುವ ಆ್ಯಂಟಿಬಯೋಟಿಕ್ ಸಿರಪ್ಪಿನಿಂದ ಈ ಗಂಟು ಕರಗುವುದಿಲ್ಲ, ಕೂಸಿಗೆ ಭೇದಿ ಹತ್ತಬಹುದು.

ಗಂಟು ನಿಂಬೆಹಣ್ಣಿನಷ್ಟಾದರೆ, ಮೆತ್ತಗಾದರೆ, ಚರ್ಮ ಕೆಂಪಗೆ ತೆಳುವಾದರೆ, ಜ್ವರ ಬಂದರೆ, ಕೂಸಿನ ತೂಕ ಏರದಿದ್ದರೆ, ಇಲ್ಲವೇ ಕುತ್ತಿಗೆ, ತೊಡೆಸಂದುಗಳಲ್ಲೂ ಗಂಟು ಸಿಕ್ಕರೆ ಅಂದೇ ಮಕ್ಕಳ ವೈದ್ಯರ ಹತ್ತಿರ ಹೋಗಿ. ಕೀವು ತುಂಬಿದ್ದರೆ ಅವರು ಸೂಜಿಯಲ್ಲಿ ಎಳೆದು ತೆಗೆಯಬಹುದು. ಬ್ಲೇಡಿನಲ್ಲಿ ಕೊಯ್ಯಲು ಯಾರಿಗೂ ಬಿಡಬೇಡಿ. ಹಾಗೆ ಕೊಯ್ಯಿಸಿದ ಒಂದು ಕೂಸಿನ ಕಂಕುಳು ಯುಗಾದಿಯಿಂದ ಗೌರಿಹಬ್ಬದವರೆಗೂ ಸೋರುತ್ತಲೇ ಇತ್ತು. ಆ ತಾಯಿ ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಂತ 5: ಆರನೇ ವಾರ

ಗುಳ್ಳೆ ಸೋರುತ್ತಿದೆ, ಗಂಟು ಇನ್ನೂ ಇದೆ ಎಂದು ಆರನೇ ವಾರದ ಲಸಿಕೆ ಮುಂದೂಡಬೇಡಿ. ಆಗ ಕೊಡುವ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) ಹಾಕುವುದು ತೊಡೆಗೆ. ಅದರ ಸಂತೆ ನೆರೆಯುವುದು ಬೇರೆ ಕಡೆ. ಗಂಟು ಕಂಡ ತಾರೀಖನ್ನು ತಾಯಿ ಕಾರ್ಡಿನ ಹಿಂದೆ ಬರೆದುಕೊಂಡು ಹೋಗಿ, ಅಲ್ಲಿ ಸಿಸ್ಟರಿಗೆ ಕೂಸಿನ ಕೈ ಎತ್ತಿ ತೋರಿಸಿ.